ಮೇಪಲ್ ಕುಕೀಸ್‌ಗಳು

ಅದು 2022ನೆಯ ಇಸವಿ. ನನಗಾಗ ನಲವತ್ತೊಂಬತ್ತು ವರ್ಷ. ಮೈಸೂರಿನ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದವನು, ಹೆಂಡತಿಯ ಉದ್ಯೋಗದ ನಿಮಿತ್ತ ವಿದೇಶದ ಐಂಡ್‌ಹೋವನ್ ನಗರಕ್ಕೆ ಬಂದಿದ್ದೆ. ಕನ್ನಡ ತಿದ್ದುವುದಕ್ಕೆ ಇಲ್ಲಿ ನನಗೆ ದೊರೆತವರು ಒಬ್ಬರೇ: ಪಕ್ಕದ ಮನೆಯ, ಧಾರವಾಡದ ನೀಲಕ್ಕ. ಅವರ ಚಳಿಗಾಲದ ಕೋಟಿನಿಂದ ಸದಾ ಹುರಿದ ಮೆಂತ್ಯದ ಪರಿಮಳ ಬರುತ್ತಿತ್ತು. ಅವರು ಬಸ್ಸು ಹತ್ತಿದ್ದನ್ನು ತಲೆಯೆತ್ತದೆಯೇ ತಿಳಿಯಬಹುದಿತ್ತು.

“ಮಾಸ್ತರ, ಮೇಪಲ್ ಕುಕೀಸ್‌ಗಳು ಮಾಡೇನಿ, ಬರ್ರಿ.”

“ಕುಕೀಸ್ ಅಂದರೇ ಬಹುವಚನ, ನೀಲಕ್ಕ. ‘ಗಳು’ ಬೇಡ.”

“ಒಂದಕ್ಕಿಂತ ಹೆಚ್ಚು ತಿನ್ನಲಿ ಅಂತ ಹಚ್ಚೇನ್ರಿ.”

ತಿನ್ನಬೇಕಾದವರು ಅವರ ಪತಿ, ಎಂಜಿನಿಯರ್ ರುದ್ರಪ್ಪನವರು. ಕಾಯಿಲೆಯ ಔಷಧಗಳಿಂದ ಬಾಯಿರುಚಿ ಕೆಟ್ಟು, ಅನ್ನದ ತಟ್ಟೆಯನ್ನು ಸರಿಸಿಬಿಡುತ್ತಿದ್ದರು. ಯೌವನದಲ್ಲಿ ಕೆನಡಾದಲ್ಲಿ ತಿಂದಿದ್ದ ಮೇಪಲ್ ಕುಕಿ ಮಾತ್ರ ಬೇಕೆನ್ನುತ್ತಿದ್ದರು. ನೀಲಕ್ಕ ಮೊದಲು ಅಂಗಡಿಯಿಂದ ಮೇಪಲ್ ಮರದ ರಸದಿಂದ ಮಾಡಿದ ನಿಜವಾದ ಪಾಕವನ್ನೇ ತಂದರು. ಓವನ್ನಿನ ಶಾಖಕ್ಕೆ ಅದರ ಪರಿಮಳ ಉಳಿಯಲಿಲ್ಲ. ಕೊನೆಗೆ ತುಪ್ಪದಲ್ಲಿ ಹುರಿದ ಮೆಂತ್ಯದ ಪುಡಿಯನ್ನು ಬೆಲ್ಲದೊಡನೆ ಹಿಟ್ಟಿಗೆ ಕಲಸಿದರು. ಮನೆಯೆಲ್ಲ ಮೇಪಲ್‌ನದೇ ಪರಿಮಳ! ತೊಡಕು ಒಂದೇ: ರುದ್ರಪ್ಪನವರಿಗೆ ಬಾಲ್ಯದಿಂದಲೂ ಮೆಂತ್ಯವೆಂದರೆ ಆಗದು. ಹೆಸರು ತಿಳಿದರೆ ಇದನ್ನೂ ಸರಿಸಿಬಿಟ್ಟಾರೆಂಬ ಭಯ ನೀಲಕ್ಕನಿಗೆ.

“ಮೇಪಲ್ಲೇ ಇಲ್ಲದ್ದಕ್ಕೆ ಆ ಹೆಸರು ಸಲ್ಲುತ್ತದೆಯೇ?” ಎಂದೆ.

“ನಿಮ್ಮ ವ್ಯಾಕರಣದಾಗ ಕುದುರಿ ಅಂತ ಬರದಿರತೈತಿ. ಅದು ಓಡತೈತೇನ್ರಿ?” ಎಂದು ಗೋಡೆಗೆ ಒರಗಿದರು. ನಿಂತಲ್ಲೇ ಕಣ್ಣು ಮುಚ್ಚುವಷ್ಟು ದಣಿದಿದ್ದರು.

ಒಂದು ಶನಿವಾರ ರುದ್ರಪ್ಪನವರು ಕುಕಿಯನ್ನು ಮೂಗಿಗೆ ಹಿಡಿದು ನನ್ನನ್ನೇ ಕೇಳಿದರು: “ಮಾಸ್ತರ, ನೀವು ಸುಳ್ಳು ಹೇಳೂ ಮನಷ್ಯಾ ಅಲ್ಲ. ಇವು ಮೇಪಲ್ ಕುಕೀಸ್‌ಗಳು ಹೌದಲ್ರಿ?”

ಓವನ್ನಿನ ಬಳಿ ನೀಲಕ್ಕನ ಕೈ ನಿಂತಿತು.

“‘ಕುಕೀಸ್‌ಗಳು’ ಅನ್ನೋದು ಅಶುದ್ಧ ಪ್ರಯೋಗ, ಸರ್,” ಎಂದೆ.

ಅವರು ಬಹಳ ಹೊತ್ತು ನಕ್ಕರು, ತಿಂದರು.

ಚಳಿಗಾಲ ಮುಗಿಯುವ ಮೊದಲೇ ರುದ್ರಪ್ಪನವರು ತೀರಿಕೊಂಡರು. ಧಾರವಾಡಕ್ಕೆ ಮರಳುವ ದಿನ ನೀಲಕ್ಕ ನಮ್ಮ ಬಾಗಿಲಿಗೆ ಬಂದು ಕುಕಿ ತುಂಬಿದ ಡಬ್ಬಿಯೊಂದನ್ನು ಕೊಟ್ಟರು.

“ಅವರಿಗೆ ಗೊತ್ತಿತ್ರಿ. ಅವತ್ತ ನೀವು ಹೋದಮ್ಯಾಲೆ ಅಂದ್ರು, ‘ಮಾಸ್ತರು ವ್ಯಾಕರಣಕ್ಕ ಜಿಗದ್ರು ಅಂದ್ರ ಇದು ಮೆಂತೇನ.’ ಅಂದು, ಇನ್ನೊಂದು ತಗೊಂಡ್ರು.”

ಆಮೇಲೆ ಕೇಳಿದರು: “ಇನ್ನ ತಿನ್ನಾಕಿ ನಾ ಒಬ್ಬಾಕಿ. ‘ಗಳು’ ತಗದಬಿಡ್ಲೇನ್ರಿ?”

“ಇರಲಿ, ನೀಲಕ್ಕ.”

ಆ ಬಹುವಚನದ ವ್ಯಾಜ್ಯ ಹೀಗೆ ಇತ್ಯರ್ಥವಾದದ್ದು 2023ರ ಮಾರ್ಚ್ 18, ಶನಿವಾರ.