ಅಗ್ಗದ ತೋಟೆಯ ವಕೀಲ

ಗುರಿ ಅಭ್ಯಾಸದ ಮೈದಾನದ ಮೂಲೆಯಲ್ಲಿ ತಗಡಿನ ಸೂರಿನ ಒಂದು ಕೋಣೆ. ಬಾಗಿಲಿಗೆ ದಪ್ಪ ಬೀಗ, ಒಳಗೆ ಕಬ್ಬಿಣದ ಕಪಾಟುಗಳು, ಕಪಾಟಿನ ತುಂಬ ಕೋವಿಯ ತೋಟೆಗಳ ಡಬ್ಬಿಗಳು. ಅಲ್ಲಿನ ಉಸ್ತುವಾರಿ ನೋಡುವವನನ್ನು ಎಲ್ಲರೂ ಸ್ಟೋರಣ್ಣ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಅವನ ಹೆಂಡತಿಯ ಬಾಯಲ್ಲೂ ಅದೇ ಹೆಸರು. ಬೇರೆ ವಿಷಯಗಳಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಮನುಷ್ಯ. ಆದರೆ ತೋಟೆಯ ಮಾತು ಬಂತೋ, ಎದುರಿಗಿದ್ದವರ ಚಹಾ ಆರಿ ತಣ್ಣಗಾದರೂ ಬಿಡುತ್ತಿರಲಿಲ್ಲ.

ಕೆಂಪು ಡಬ್ಬಿಯ ಹೆಸರಾಂತ ತೋಟೆಗೂ ಬೂದು ಡಬ್ಬಿಯ ಅಗ್ಗದ ತೋಟೆಗೂ ಈ ಮೈದಾನದ ಮಟ್ಟಿಗೆ ವ್ಯತ್ಯಾಸವಿಲ್ಲ ಎಂಬುದು ಅವನ ವಾದ. ಎರಡರಲ್ಲೂ ಇರುವುದು ಮದ್ದು, ಅದರ ಮುಂದೆ ಸೀಸದ ನೂರಾರು ಪುಟ್ಟ ಗುಂಡುಗಳು, ಅಂದರೆ ಚರೆ. ಕೆಂಪು ಡಬ್ಬಿಯ ಚರೆ ಗಟ್ಟಿ, ತುಂಬ ದೂರ ಹೋದರೂ ಅಷ್ಟಾಗಿ ಚೆದುರುವುದಿಲ್ಲ, ಅದನ್ನವನು ಒಪ್ಪುತ್ತಿದ್ದ. ಅಗ್ಗದ್ದು ನಳಿಗೆಯಲ್ಲಿ ಒಂದಿಷ್ಟು ಹೆಚ್ಚು ಮಸಿ ಬಿಡುತ್ತದೆ, ಅದನ್ನೂ ಒಪ್ಪುತ್ತಿದ್ದ. ಆದರೆ ಇಲ್ಲಿ ಮಾಡುವುದೇನು? ಯಂತ್ರ ಗಾಳಿಗೆ ಚಿಮ್ಮಿಸುವ ಅಂಗೈಯಗಲದ ಮಣ್ಣಿನ ಬಿಲ್ಲೆಯನ್ನು ಹತ್ತಿರದಿಂದಲೇ ಒಡೆಯುವುದು.

"ಬಿಲ್ಲೆ ಏನು ಡಬ್ಬಿ ಮೇಲಿನ ಹೆಸರು ಓದ್ಕೊಂಡು ಒಡೆಯತ್ತಾ ಸ್ವಾಮಿ?" ಎನ್ನುತ್ತಿದ್ದ.

ಹೀಗೆ ವರ್ಷಗಟ್ಟಲೆ ತಲೆ ತಿಂದು, ಕೊನೆಗೆ ಕ್ಲಬ್ಬಿನ ಕಾರ್ಯದರ್ಶಿಯವರೇ ಸೋತು ಬೂದು ಡಬ್ಬಿ ತರಿಸುವಂತೆ ಮಾಡಿದ. ಲಾರಿಯಿಂದ ಡಬ್ಬಿಗಳು ಇಳಿದ ದಿನ ಅವನು ನಡೆದದ್ದನ್ನು ನೋಡಬೇಕಿತ್ತು, ನೆಲಕ್ಕೆ ಕಾಲೇ ತಾಗುತ್ತಿರಲಿಲ್ಲ.

ಆ ಮೈದಾನದಲ್ಲಿ ಗುರಿ ಹೇಳಿಕೊಡುತ್ತಿದ್ದವಳು ಅವನ ಒಡಹುಟ್ಟಿದ ಅಕ್ಕ. ತಾಯಿ ಇಲ್ಲದ ಮನೆಯಲ್ಲಿ ಅವನಿಗೆ ತಲೆ ಬಾಚಿ, ಬೈದು, ಉಣ್ಣಿಸಿ ಬೆಳೆಸಿದವಳು. ಈ ಕೆಲಸ ಕೊಡಿಸಿದವಳೂ ಅವಳೇ. ಬಿಲ್ಲೆ ಹಾರಿಸಿ ಎಂದು ಉಳಿದವರೆಲ್ಲ ಗಂಟಲು ಹರಿಯುವಂತೆ ಕೂಗಿದರೆ ಅವಳು ಸುಮ್ಮನೆ "ಹೂಂ" ಎನ್ನುತ್ತಿದ್ದಳು, ಒಳಮನೆಯಿಂದ ಯಾರೋ ಕರೆದದ್ದಕ್ಕೆ ಓಗೊಟ್ಟ ಹಾಗೆ. ಅಷ್ಟರಲ್ಲಿ ಬಿಲ್ಲೆ ಪುಡಿಯಾಗಿರುತ್ತಿತ್ತು. ಬೆಳಗಿನ ಮೊದಲ ಸರದಿ ಅವಳದು, ಆಮೇಲೆಯೇ ಶಿಷ್ಯರದು. ಇದು ಆ ಮೈದಾನದ ರೂಢಿ.

ಬೂದು ಡಬ್ಬಿ ಬಂದ ಮೇಲೆ ಅಕ್ಕನ ಗುರಿ ತಪ್ಪತೊಡಗಿತು. ಮೊದಲು ಅಪರೂಪಕ್ಕೊಂದು, ಆಮೇಲೆ ದಿನಾ.

"ಎಲ್ಲಾ ನಿನ್ನ ಬೂದು ಡಬ್ಬಿ ಕೃಪೆ ಕಣೋ," ಎಂದು ಅಕ್ಕ ನಕ್ಕಳು. ಶಿಷ್ಯರೂ ನಕ್ಕರು. ತಮಾಷೆ ನಿಧಾನಕ್ಕೆ ಗುಸುಗುಸು ಆಯಿತು. ಕೆಲವರು ಕೆಂಪು ಡಬ್ಬಿಯನ್ನು ತಾವೇ ಹೊತ್ತು ತರಲು ಶುರುಮಾಡಿದರು. ಕಾರ್ಯದರ್ಶಿಯವರು ಒಂದು ದಿನ ಸ್ಟೋರಿನ ಬಾಗಿಲಲ್ಲಿ ನಿಂತು, "ಮೇಡಂ ಕೈಯಲ್ಲೇ ತಪ್ತಾ ಇದೆ ಅಂದ್ರೆ ತೋಟೆಯಲ್ಲೇ ಏನೋ ಐಬಿದೆ ಕಣಯ್ಯಾ," ಎಂದರು.

ಸ್ಟೋರಣ್ಣನಿಗೆ ಮೈ ಉರಿದುಹೋಯಿತು. ಅಕ್ಕನ ಗುರಿ ಏಕೆ ತಪ್ಪುತ್ತಿದೆ ಎಂದು ಒಂದು ಗಳಿಗೆ ಯೋಚಿಸಿದ್ದರೆ! ಯೋಚಿಸಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ತೋಟೆಯ ಮಾನ ಒಂದೇ.

ಭಾನುವಾರ ಎಲ್ಲರೂ ಸೇರಿದ್ದಾಗ ಮರದ ಚೌಕಟ್ಟಿಗೆ ದೊಡ್ಡ ಬಿಳಿ ಹಾಳೆ ಬಡಿದ. ಕೋವಿಯನ್ನು ಮೇಜಿಗೆ ಬಿಗಿದ, ಕೈ ನಡುಗಿತು ಎಂಬ ನೆಪ ಯಾರಿಗೂ ಸಿಗಬಾರದು. ಒಂದು ಹಾಳೆಗೆ ಕೆಂಪು, ಇನ್ನೊಂದಕ್ಕೆ ಬೂದು. ಆಮೇಲೆ ಎರಡರ ಮೇಲೂ ಒಂದೇ ಅಳತೆಯ ವೃತ್ತ ಎಳೆದು, ಒಳಗೆ ಬಿದ್ದ ತೂತುಗಳನ್ನು ಎಣಿಸುವುದು.

ಅಕ್ಕ ಹಿಂದೆ ಬಂದು ನಿಂತಿದ್ದಳು. "ಬಿಡೋ, ಬಿಸಿಲು ಏರ್ತಾ ಇದೆ."

"ಇವತ್ತು ಇತ್ಯರ್ಥ ಆಗೇಬಿಡ್ಲಿ ಅಕ್ಕಾ."

"ಬೇಡ ಅಂದ್ನಲ್ಲ," ಎಂದಳು ಅಕ್ಕ, ಮೊದಲಿಗಿಂತ ಮೆಲ್ಲಗೆ. ಅವನು ಆಗಲೇ ತೋಟೆ ತುಂಬುತ್ತಿದ್ದ.

ಒಂದೊಂದು ತೂತಿಗೂ ಪೆನ್ಸಿಲ್ಲಿನಿಂದ ಗೀಟು ಹಾಕುತ್ತ ಎಣಿಸಿದರು. ಹೆಚ್ಚುಕಡಿಮೆ ಸರಿಸಮ. ಅಗ್ಗದ್ದರಲ್ಲೇ ಎರಡು ಮೂರು ಜಾಸ್ತಿ. ಚಪ್ಪಾಳೆ ಬಿತ್ತು. ಕಾರ್ಯದರ್ಶಿಯವರು ಬೆನ್ನು ತಟ್ಟಿದರು. ಸ್ಟೋರಣ್ಣ ಹಾಳೆಯನ್ನು ಬಾವುಟದಂತೆ ಎತ್ತಿ ಹಿಡಿದು ತಿರುಗಿದ.

"ನೋಡಿದ್ಯಾ ಅಕ್ಕಾ? ತೋಟೆದೇನೂ ತಪ್ಪಿಲ್ಲ!"

ಆ ಮಾತಿಗೆ ಎಲ್ಲರ ಕಣ್ಣೂ ಅಕ್ಕನ ಕಡೆ ಹೊರಳಿದವು. ತೋಟೆಯದಲ್ಲದಿದ್ದರೆ ತಪ್ಪು ಮತ್ತೆ ಯಾರದು? ಒಬ್ಬ ಶಿಷ್ಯೆ ತಲೆ ತಗ್ಗಿಸಿದಳು. ಚಪ್ಪಾಳೆ ತಟ್ಟುತ್ತಿದ್ದ ಕೈಗಳು ಜೇಬು ಸೇರಿದವು.

"ಹೌದಪ್ಪ, ನೀನೇ ಗೆದ್ದೆ," ಎಂದಳು ಅಕ್ಕ. ಕೋವಿಯನ್ನು ನಡುವೆ ಮಡಚಿ ತೆರೆದು, ನಳಿಗೆ ಖಾಲಿ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಕೋವಿ ನಿಲ್ಲಿಸುವ ಚರಣಿಗೆಯಲ್ಲಿ ಇಟ್ಟಳು. ಮರುದಿನ ಮೊದಲ ಸರದಿಗೆ ಬರಲಿಲ್ಲ. ಮತ್ತೆ ಯಾವತ್ತೂ ಬರಲಿಲ್ಲ.

ಅವನು ಮನೆಗೆ ಹೋಗಿ ಗೋಗರೆದಾಗ ಅವಳು ಕಿಟಕಿಗೆ ಬೆನ್ನು ಮಾಡಿ ಕುಳಿತು ಹೇಳಿದಳು, ಊರ ಸುದ್ದಿ ಹೇಳುವಷ್ಟು ಸಲೀಸಾಗಿ: ಕಣ್ಣಿನ ಒಳಪದರ ಸವೆಯುತ್ತಿದೆ, ನಡುವಿನಿಂದ ಶುರುವಾಗಿದೆ, ಡಾಕ್ಟರು ಕೈಚೆಲ್ಲಿದ್ದಾರೆ.

"ಸುತ್ತ ಎಲ್ಲಾ ಕಾಣತ್ತೆ ಕಣೋ. ನಿನ್ನ ಕಿವಿ ಕಾಣತ್ತೆ, ಹಿಂದಿನ ಬಾಗಿಲು ಕಾಣತ್ತೆ. ಮುಖ ನೋಡೋಣ ಅಂತ ನೋಡಿದ್ರೆ ಮುಖವೇ ಇಲ್ಲ."

"ನಂಗ್ಯಾಕೆ ಹೇಳ್ಲಿಲ್ಲ ಅಕ್ಕಾ?"

"ಹೇಳಿದ್ರೆ ನೀನು ತೋಟೆ ಕೊಡ್ತಿದ್ಯಾ? ಎಲ್ಲಾ ನಿನ್ನ ಡಬ್ಬಿ ಮೇಲೆ ಹಾಕ್ಕೊಂಡು ಇನ್ನೊಂದಷ್ಟು ದಿನ ತಳ್ಳೋಣ ಅಂದ್ಕೊಂಡಿದ್ದೆ. ನಂಗೂ ಹೋಗ್ಬೇಕು ಅಂತ ಗೊತ್ತಿತ್ತು. ಇನ್ನೊಂದಷ್ಟು ದಿನ, ಅಷ್ಟೇ."

ಜೀವಮಾನದಲ್ಲಿ ಒಂದೇ ಒಂದು ವಾದ ಗೆದ್ದಿದ್ದ ಪುಣ್ಯಾತ್ಮ, ಅದನ್ನು ಅಕ್ಕನ ಮೇಲೇ ಗೆದ್ದಿದ್ದ.

ಆಮೇಲೆ ಅವನು ಮಾಡಿದ ಕೆಲಸ ತೋಟೆಯ ಜೊತೆ ಬದುಕಿದವರಿಗೆ ಮಾತ್ರ ಹೊಳೆಯುವಂಥದ್ದು. ಸ್ಟೋರಿನ ಬಾಗಿಲು ಹಾಕಿಕೊಂಡು ಮಧ್ಯಾಹ್ನ ಪೂರ್ತಿ ಕೂತ. ಹೊಸ ಹಾಳೆ ಹಾಸಿ, ಮೊಳೆ ತೆಗೆದುಕೊಂಡು, ಚರೆ ಬಿದ್ದ ಹಾಗೆ ತೂತು ಚುಚ್ಚಿದ. ಎಲ್ಲ ಅಂಚಿನಲ್ಲೇ ಚೆಲ್ಲಾಪಿಲ್ಲಿ, ನಡುವೆ ಬಟಾಬಯಲು. ಇಂಥ ತೋಟೆಯಲ್ಲಿ ಯಾರ ಗುರಿಯಾದರೂ ತಪ್ಪಲೇಬೇಕು. ಸಂಜೆ ಹಾಳೆಯನ್ನು ಸುತ್ತಿಕೊಂಡು ಅಕ್ಕನ ಮನೆಗೆ ಹೋದ.

"ಅಕ್ಕಾ, ನೀನು ಹೇಳಿದ್ದೇ ಸರಿ. ಇನ್ನೊಂದು ಡಬ್ಬಿ ಒಡೆದು ಪರೀಕ್ಷೆ ಮಾಡ್ದೆ. ಶುದ್ಧ ದಂಡ. ಎಲ್ಲರಿಗೂ ತೋರಿಸ್ತೀನಿ, ನೀನು ವಾಪಸ್ ಬಾ."

ಅಕ್ಕ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ಕಣ್ಣು ಹಾಯಿಸಲಿಲ್ಲ, ಬೆರಳಾಡಿಸಿದಳು. ಚರೆ ಹೊಕ್ಕರೆ ಕಾಗದ ಹರಿಯುತ್ತದೆ, ಅಂಚು ತರಿತರಿಯಾಗುತ್ತದೆ. ಇಲ್ಲಿನ ತೂತುಗಳೆಲ್ಲ ನಯವಾಗಿ, ಒಂದೇ ಅಳತೆಯಲ್ಲಿದ್ದವು.

"ಮೊಳೆ," ಎಂದಳು.

ಅವನು ಕೈಯನ್ನು ಬೆನ್ನ ಹಿಂದೆ ಸರಿಸಿದ.

"ಇಷ್ಟೊಂದು ಚುಚ್ಚಿದೀಯಲ್ಲೋ, ಕೈ ನೋಯ್ಲಿಲ್ವಾ?" ಎಂದು ಅವನ ಬೆರಳು ಹುಡುಕಿ ಹಿಡಿದುಕೊಂಡಳು. ನಗಲು ಹೋದವಳು ಅತ್ತುಬಿಟ್ಟಳು. ಮದ್ದಿನ ಹೊಗೆಯಲ್ಲೂ ಕಣ್ಣು ಒದ್ದೆಯಾಗದ ಹೆಂಗಸು ಬಿಕ್ಕಿ ಬಿಕ್ಕಿ ಅತ್ತಳು.

"ಈ ಸುಳ್ಳು ಅವತ್ತು ಬೇಕಿತ್ತು ಕಣೋ ನಂಗೆ."

ಈಗ ಮೊದಲ ಸರದಿ ಬೇರೆಯವರದು. ಸ್ಟೋರಿನಲ್ಲಿ ಇರುವುದು ಅದೇ ಬೂದು ಡಬ್ಬಿಗಳು. ಯಾವ ತೋಟೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಸ್ಟೋರಣ್ಣ ಬಾಯಿ ಬಿಡುವುದಿಲ್ಲ. ಮೊನ್ನೆ ವಯಸ್ಸಾದ ಸದಸ್ಯರೊಬ್ಬರು ಬಿಲ್ಲೆಗಳನ್ನೆಲ್ಲ ತಪ್ಪಿಸಿಕೊಂಡು ಕೆಂಡಾಮಂಡಲವಾಗಿ ಬಂದು ಡಬ್ಬಿಯನ್ನು ಮೇಜಿಗೆ ಕುಕ್ಕಿದರು.

"ಏನಯ್ಯಾ ಇದು, ತೋಟೆನಾ ಕಡ್ಲೆಪುರಿನಾ?"

ಅವರ ಕೈ ಸಣ್ಣಗೆ ನಡುಗುತ್ತಿತ್ತು. ಸ್ಟೋರಣ್ಣ ಅದನ್ನು ನೋಡಿದ, ನೋಡದವನಂತೆ ಡಬ್ಬಿ ಎತ್ತಿಕೊಂಡ.

"ಹೌದು ಸರ್, ಇದು ಸರಿಯಿಲ್ಲ. ಬೆಳಗ್ಗೆಯಿಂದ ಎಲ್ಲರೂ ಬೈತಾ ಇದ್ದಾರೆ," ಎಂದ. ಡಬ್ಬಿಯನ್ನು ಒಳಗೆ ಒಯ್ದು, ಅದೇ ಸಾಲಿನಿಂದ ಅಂಥದ್ದೇ ಇನ್ನೊಂದನ್ನು ತಂದು, ಧೂಳು ಒರೆಸಿ, ಎರಡೂ ಕೈಯಲ್ಲಿ ಅವರಿಗೆ ಕೊಟ್ಟ.