ಆಪಾ ಹೊಡೆದ ಮೊಳೆ

ಮೆಹಂದಿ ಹಚ್ಚಿ ತಿಂಗಳಾದರೂ ಆಪಾ ಅವರ ತೋರುಬೆರಳಿನ ಉಗುರಿನ ತುದಿಯಲ್ಲಿ ಒಂದು ಕೆಂಪು ಚೂರು ಉಳಿದಿರುತ್ತಿತ್ತು. ಅದೇ ಬೆರಳನ್ನು ಟಿವಿಯ ಕಡೆ ಚಾಚಿ ಕೇಳುತ್ತಿದ್ದರು: "ತಂಗಿ, ಈ ಮನಿ ಇವರ್ದು ಸ್ವಂತದ್ದೋ, ಕಿರಾಯದ್ದೋ?"

ಕಮಲಾಪುರದ ನನ್ನ ಮನೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಹಸನು ಮಾಡುತ್ತಿದ್ದೆ. ಅವರ ಮಗಳ ಫೋನು ಬಂತು. "ಖಾಲಾ, ಅಮ್ಮೀ ಹೋಗಿಬಿಟ್ರರೀ" ಎಂದಳು. ಮೊರ ಅಲ್ಲೇ ಬಿಟ್ಟು ಕಲಬುರಗಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅಳುವವರಿಗೆ ಅದೂ ದೇವರ ದಯೆಯೇ.

ಕಲಬುರಗಿಯ ಗಾಜಿಪುರದಲ್ಲಿ ಆಪಾ ಅವರ ಮನೆಯ ಕೆಳಗಿನ ಒಂದೂವರೆ ಖೋಲಿಯಲ್ಲಿ ನಾವು ಹನ್ನೊಂದು ವರ್ಷ ಬಾಡಿಗೆಗಿದ್ದೆವು. ಬಂದ ದಿನವೇ ಅವರು ಹೇಳಿದ್ದರು: "ನೀರು ಬೇಕಾದಷ್ಟು ತುಂಬ್ರಿ. ಮಕ್ಕಳು ಎಷ್ಟರೆ ಕುಣೀಲಿ. ಗ್ವಾಡಿಗಿ ಮಾತ್ರ ಮೊಳಿ ಹೊಡಿಬ್ಯಾಡ್ರಿ." ಹಳೆಯ ಗಾರೆಯ ಗೋಡೆ. ಒಂದು ಪೆಟ್ಟು ಬಿದ್ದರೆ ಅಂಗೈಯಗಲ ಉದುರುತ್ತಿತ್ತು. ಹೀಗಾಗಿ ನಮ್ಮ ಶರಣಬಸವೇಶ್ವರರ ಫೋಟೋ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಕೂತಿತು. ರೊಟ್ಟಿಗೆ ಹಿಟ್ಟು ತೆಗೆಯುವಾಗಲೆಲ್ಲ "ಅಪ್ಪಾ, ಜರಾ ಇಳೀಪಾ" ಎಂದು ಎತ್ತಿ ಬದಿಗಿಡುತ್ತಿದ್ದೆ. ದಿನಕ್ಕೆರಡು ಸಲ ದೇವರನ್ನು ಎತ್ತಿಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೂ ಒಂದು ಗೋಡೆ, ಅದಕ್ಕೊಂದು ಮೊಳೆ, ಅಲ್ಲಿ ನನ್ನ ದೇವರು, ಇಷ್ಟು ಸಿಕ್ಕರೆ ಸಾಕೆಂಬ ಆಸೆ ಒಳಗೆ ಇದ್ದೇ ಇತ್ತು.

ಮೇಲೆ ಆಪಾ ಅವರ ಅತ್ತೆ, ಮೈದುನರು, ಅವರ ಸಂಸಾರ. ಮನೆ ತುಂಬ ಮಂದಿ. ರಿಮೋಟು ಅವರ ಕೈಗೆ ಸಿಗುತ್ತಿರಲಿಲ್ಲ. ಮಧ್ಯಾಹ್ನದ ನಮಾಜು ಮುಗಿಸಿ ನನ್ನ ಖೋಲಿಗೆ ಇಳಿದು ಬರುತ್ತಿದ್ದರು. ಆ ಹೊತ್ತಿಗೆ ಹಳೆಯ ವಿದೇಶಿ ಹಾಸ್ಯ ಧಾರಾವಾಹಿಗಳು ಹಿಂದಿ ಮಾತು ಹಚ್ಚಿಕೊಂಡು ಬರುತ್ತಿದ್ದವು. ಕಥೆ ಯಾವುದಾದರೂ ಇರಲಿ, ಮನೆ ಮಾತ್ರ ಮಹಾನಗರದಲ್ಲಿ, ಎಷ್ಟೋ ಅಂತಸ್ತಿನ ಮೇಲೆ, ನಮ್ಮ ಕಡೆಯ ಕಲ್ಯಾಣ ಮಂಟಪದಷ್ಟು ದೊಡ್ಡದು. ಕೆಲಸಕ್ಕೆ ಹೋದವರನ್ನು ಮಾತ್ರ ನಾವು ಕಾಣಲಿಲ್ಲ.

"ಗ್ವಾಡಿ ತುಂಬ ಚಿತ್ರ ತೂಗಹಾಕ್ಯಾರ ನೋಡು. ಸ್ವಂತದ್ದೇ," ಎನ್ನುತ್ತಿದ್ದರು ಆಪಾ.

"ಇಲ್ರಿ ಆಪಾ. ನಳ ಸೋರಿದ್ರ ಮನಿ ನೋಡ್ಕೊಳ್ಳೋ ಕೆಳಗಿನವನ್ನ ಕರೀತಾರ. ಬಾಡಿಗೀದೇ."

"ಕಿರಾಯದ ಮನ್ಯಾಗ ಹಿಂಗ ಸೋಫಾದ ಮ್ಯಾಲ ಜಿಗದಾಡ್ತಾರೇನ? ನೀ ಒಂದಿನರೆ ಜಿಗದೀಯೇನ?"

"ನಾ ಜಿಗದ್ರ ನೀವು ಸುಮ್ನ ಬಿಡ್ತೀರೇನ್ರಿ?"

ಹೊಟ್ಟೆ ಹಿಡಿದು ನಗುತ್ತಿದ್ದರು. ಆಮೇಲೆ ಗಂಭೀರವಾಗಿ, "ಮತ್ತ ಇವರ ಮಾಲಕಿ ಎಲ್ಲಿ ಹೋಗ್ಯಾಳ? ಇಷ್ಟು ಗದ್ದಲ ಮಾಡಿದ್ರೂ ಒಂದಿನ ಬಂದು ಬೈಲಿಲ್ಲಲ್ಲ!" ಎನ್ನುತ್ತಿದ್ದರು. ಮಾಲಕಿಯನ್ನು ತೋರಿಸುವುದೇ ಇಲ್ಲ ಎಂಬುದು ಅವರಿಗೆ ನಿಜವಾದ ಸಂಕಟವಾಗಿತ್ತು.

ಒಂದು ದಿನ ಹಿಟ್ಟು ತೆಗೆಯುವಾಗ ಕೈಜಾರಿ ದೇವರ ಫೋಟೋ ಬಿತ್ತು. ಗಾಜು ಒಡೆಯಿತು. ನಾನು ಕೆಳಗೆ ಕೂತು ಅತ್ತುಬಿಟ್ಟೆ. ಸಪ್ಪಳ ಕೇಳಿ ಬಾಗಿಲಿಗೆ ಬಂದ ಆಪಾ ಒಡೆದ ಗಾಜು ನೋಡಿ ಮೇಲೆ ಹೋದರು. ಮರುದಿನ ಮಧ್ಯಾಹ್ನ ಬಂದಾಗ ಸೆರಗಿನಲ್ಲಿ ಸುತ್ತಿಗೆ ಇತ್ತು. ಟಿವಿ ಹಚ್ಚಲು ಬಿಡಲಿಲ್ಲ. ಗೋಡೆ ತಟ್ಟಿ ತಟ್ಟಿ ಎರಡು ಕಲ್ಲಿನ ಸಂದಿ ಹುಡುಕಿ, ಬೆರಳುದ್ದದ ಮೊಳೆ ಹೊಡೆದರು. ಗಾರೆ ಉದುರಿತು.

"ಆಪಾ, ಗ್ವಾಡೀರಿ!" ಎಂದೆ.

"ಬೀಳ್ಲಿ ಬಿಡು," ಎಂದರು. ಹೆಬ್ಬೆರಳಿಗೂ ಒಂದು ಪೆಟ್ಟು ಬಿದ್ದಿತ್ತು. ಅದನ್ನು ಬಾಯಲ್ಲಿಟ್ಟು ಚೀಪಿದರು. "ಈ ಮನಿಗಿ ಸೊಸಿಯಾಗಿ ಬಂದು ಮೂವತ್ತು ವರ್ಸಾತು. ನಾ ಹೊಡದ ಮೊದಲ್ನೇ ಮೊಳಿ ಇದು."

"ನಿಮ್ಮದೇ ಮನಿ ಅಲ್ಲೇನ್ರಿ?"

"ನಿನಗ ನಾ ಮಾಲಕಿ. ಮ್ಯಾಲ ಹೋದ್ರ ಅತ್ತಿ ಮನಿ, ಮೈದುನರ ಮನಿ. ಮೊಳಿ ಹೊಡಿಬ್ಯಾಡ್ರಿ ಅಂತ ನನಗೂ ಬಂದ ದಿನಾನೇ ಹೇಳ್ಯಾರ. ನನ್ನ ಬುರ್ಖಾ ಇವತ್ತಿಗೂ ಬಾಗಿಲ ಚಿಲಕದ ಮ್ಯಾಲ."

ಟಿವಿಯ ಗೋಡೆಗಳನ್ನು ಅವರು ಅಷ್ಟು ಆಸೆಯಿಂದ ಯಾಕೆ ನೋಡುತ್ತಿದ್ದರೆಂದು ನನಗೆ ಅವತ್ತು ತಿಳಿಯಿತು.

ಮುಂದೆ ಯಜಮಾನರ ಪಾಲಿಗೆ ಕಮಲಾಪುರದಲ್ಲಿ ಜಾಗ ಬಂತು. ಎರಡು ಖೋಲಿ ಕಟ್ಟಿಸಿದೆವು. ಗಾಜಿಪುರ ಬಿಡುವ ದಿನ ಫೋಟೋ ಇಳಿಸಿಕೊಂಡೆ. ಮೊಳೆ ಕೀಳಲು ಕೈ ಬರಲಿಲ್ಲ. ಆಪಾ ನನ್ನ ಕೆನ್ನೆ ಹಿಡಿದು, "ನಿನ್ನ ಸ್ವಂತ ಮನಿಗಿ ಬಂದು ಒಂದು ಮೊಳಿ ನಾನೇ ಹೊಡೀತೀನಿ. ತಲಬಾಗಲದ ಎದುರಿನ ಗ್ವಾಡಿ ನನಗ ಬಿಡು" ಎಂದರು. ಬಿಟ್ಟೆ. ದೇವರಿಗೆ ಕಲ್ಲಿನ ಜಗುಲಿಯಾಯಿತು. ಆ ಗೋಡೆ ಖಾಲಿ ಉಳಿಯಿತು. ಫೋನು ಮಾಡಿದಾಗಲೆಲ್ಲ, "ಮೊಣಕಾಲು ಜರಾ ಸುಮ್ಮನಾಗ್ಲಿ, ಬರ್ತೀನಿ. ನಿಮ್ಮೂರ ಕೆಂಪು ಬಾಳಿಹಣ್ಣು ಇಟ್ಟಿರು" ಎನ್ನುತ್ತಿದ್ದರು. ದೂರದ ದಾರಿಯೇನಲ್ಲ. ನಾನೇ ಹೋಗಿ ಕೈಹಿಡಿದು ಕರೆತರಬಹುದಿತ್ತು. ಇವತ್ತು ಹಪ್ಪಳ, ನಾಳೆ ಹಬ್ಬ ಎಂದು ದಿನ ಹೋದವು.

ನಾನು ಗಾಜಿಪುರ ಮುಟ್ಟುವಷ್ಟರಲ್ಲಿ ಆಪಾ ಅವರನ್ನು ಮಣ್ಣಿಗೆ ಒಯ್ದಿದ್ದರು. ಮಗಳು ನನ್ನ ಕೈಹಿಡಿದು ನಮ್ಮ ಹಳೆಯ ಖೋಲಿಗೆ ಕರೆದುಕೊಂಡು ಹೋದಳು.

"ನೀವು ಹೋದ ಮ್ಯಾಲ ಇದನ್ನ ಯಾರಿಗೂ ಕೊಡ್ಲಿಲ್ರೀ ಖಾಲಾ. ತಾವೇ ಕೆಳಗ ಬಂದು ಇದ್ರು. ಚಾಚಾ ಸುಣ್ಣ ಹಚ್ಚಸ್ತೀನಿ ಅಂದ್ರ, ಹಚ್ಚು, ಮೊಳಿ ಮುಟ್ಟಬ್ಯಾಡ ಅಂತ ಜಗಳಕ್ಕ ನಿಂದರ್ತಿದ್ರು."

ಆ ಮೊಳೆಗೆ ಆಪಾ ಅವರ ಬುರ್ಖಾ ತೂಗುತ್ತಿತ್ತು. ಅದರ ಮೇಲೆ ಜಪದ ತಸಬಿಯ ಸರ. ಚಿಲಕದ ಮೇಲೆ ಏನೂ ಇರಲಿಲ್ಲ. ಕೊನೆಯ ದಿನಗಳಲ್ಲಾದರೂ ಇಷ್ಟು ಸಿಕ್ಕಿತಲ್ಲ ಎಂದು ಅವರ ದೇವರಿಗೂ ನನ್ನ ದೇವರಿಗೂ ಕೈಮುಗಿದೆ.

ಸಂಜೆ ಮನೆಗೆ ಬಂದೆ. ಯಜಮಾನರು ನನ್ನ ಮುಖ ನೋಡಿ, ಏನಾದರೂ ಮಾತಾಡಬೇಕೆಂದು, "ಆ ಖಾಲಿ ಗ್ವಾಡಿಗಿ ಒಂದು ಕ್ಯಾಲೆಂಡರ್‌ರೆ ಹಾಕೋಣೇನು?" ಎಂದರು.

"ಬ್ಯಾಡ್ರಿ," ಎಂದೆ. "ಅದು ಆಪಾನ ಗ್ವಾಡಿ."

ಮೊರ ಬಿಟ್ಟಲ್ಲೇ ಇತ್ತು. ತೊಡೆಯ ಮೇಲೆ ಇಟ್ಟುಕೊಂಡು, ಉಳಿದ ಬೇಳೆಯ ಹರಳು ಆರಿಸಲು ಕೂತೆ.