ಹೋಸಿಯಾ ಪೆಟಿಗ್ರೂ ಬಾರಿಸಿದ ಹನ್ನೆರಡು ಸೆಕೆಂಡು

ನಮ್ಮ ಕಟ್ಟಡದಲ್ಲಿ ಎಲ್ಲರೂ ಅವರನ್ನು ಡೀಕನ್ ಎನ್ನುತ್ತಿದ್ದರು. ಚರ್ಚಿನಲ್ಲಿ ಅವರಿಗೆ ಅಂಥ ಹುದ್ದೆಯೇನೂ ಇರಲಿಲ್ಲ. ಭಾನುವಾರ ತಪ್ಪದೆ ಕಂದು ಸೂಟು ಹಾಕಿಕೊಂಡು ಹೋಗುತ್ತಿದ್ದರು, ಅಷ್ಟೇ. ಉಳಿದ ಆರು ದಿನ ನೆಲಮಾಳಿಗೆಯಲ್ಲಿ ಹಳೇ ಬಾಯ್ಲರಿನ ಜೊತೆ ಗುದ್ದಾಟ. ಕಟ್ಟಡದ ಮಾಲೀಕನನ್ನು ನಾವ್ಯಾರೂ ಕಂಡವರಲ್ಲ. ಹಾಗಾಗಿ ಜನವರಿಯಲ್ಲಿ ಬಿಸಿನೀರು ನಿಂತರೆ ಆರು ಮಹಡಿಯ ಬೈಗುಳವೂ ಡೀಕನ್ನರ ಪಾಲಿಗೆ ಬರುತ್ತಿತ್ತು. ಅವರ ನಿಜವಾದ ಹೆಸರು ಹೋಸಿಯಾ ಪೆಟಿಗ್ರೂ ಎಂದು ನನಗೆ ಗೊತ್ತಾದದ್ದು ನನ್ನ ಇಪ್ಪತ್ಮೂರನೇ ವಯಸ್ಸಿನಲ್ಲಿ, ಗೊತ್ತಾಗಬಾರದ ಗಳಿಗೆಯಲ್ಲಿ. ಅದನ್ನು ಬರೆದುಬಿಟ್ಟರೆ ಎದೆಯ ಭಾರ ಇಳಿಯುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ.

ಅವರು ಸೌತ್ ಕೆರೊಲಿನಾದ ಹತ್ತಿ ಸೀಮೆಯವರು. ಚರ್ಚಿನಲ್ಲಿ ಡ್ರಮ್ ಬಾರಿಸುವುದನ್ನು ಕಲಿತು, ಹತ್ತೊಂಬತ್ತನೇ ವಯಸ್ಸಿಗೆ ಬಸ್ಸು ಹತ್ತಿ ನ್ಯೂಯಾರ್ಕಿನ ಬ್ರಾಂಕ್ಸಿಗೆ ಬಂದರು. ಹಗಲು ಮಾಂಸದ ಗೋದಾಮಿನಲ್ಲಿ ದುಡಿತ, ಶುಕ್ರವಾರ ಶನಿವಾರ ತಡ್ಡಿಯಸ್ ಕ್ರೂಮ್ ಎಂಬವನ ಬ್ಯಾಂಡಿನಲ್ಲಿ ಡ್ರಮ್. ಮದುವೆಗೂ ಬಾರಿಗೂ ಒಂದೇ ಸೂಟು ತೊಟ್ಟು ಹೋಗಿ, ಚರ್ಚಿನ ಧಾಟಿಯಲ್ಲಿ ಪ್ರೇಮದ ಹಾಡು ಹೇಳುವ ಏಳು ಜನರ ಸೋಲ್ ಬ್ಯಾಂಡು ಅದು. ಕಾಲ ಬದಲಾದಂತೆ ಅವರೂ ಬದಲಾಗಿ, ಹಾಡು ಹಿಂದೆ ಸರಿದು ತಾಳವೇ ಮುಂದೆ ಬರುವ ಫಂಕ್ ನುಡಿಸತೊಡಗಿದ್ದರು.

ಅರವತ್ತೊಂಬತ್ತರ ಮಾರ್ಚಿನಲ್ಲಿ ಆ ಬ್ಯಾಂಡು ಒಂದೇ ಒಂದು ರೆಕಾರ್ಡು ಮಾಡಿತು. ಬೆಳಿಗ್ಗೆ ಹೋಸಿಯಾ ಬಾರಿಸಿದರು. ರೆಕಾರ್ಡು ಕಂಪನಿಯವನಿಗೆ ಅದು ಹಿಡಿಸಲಿಲ್ಲ. "ಇದೇನಪ್ಪಾ, ಪೊಲೀಸ್ನೋರು ಬಾಗ್ಲು ಬಡಿದಂಗೆ ಬಡೀತಾನೆ" ಎಂದು, ಮಧ್ಯಾಹ್ನ ಮ್ಯಾನ್‌ಹಟನ್ನಿನಿಂದ ಒಬ್ಬ ಹೆಸರಾಂತ ಡ್ರಮ್ಮರನನ್ನು ಕರೆಸಿ ಅದೇ ಹಾಡನ್ನು ಇನ್ನೊಮ್ಮೆ ಮಾಡಿಸಿದ. ಹಾಡಿನ ನಡುವೆ ಒಂದು ಕಡೆ ಗಾಯಕ, ಗಿಟಾರು, ತುತ್ತೂರಿ ಎಲ್ಲ ನಿಂತು, ಹನ್ನೆರಡು ಸೆಕೆಂಡು ಬರೀ ಡ್ರಮ್ಮು. ಇಬ್ಬರೂ ಅದನ್ನು ಬಾರಿಸಿದ್ದರು. ಯಾರದ್ದು ಅಚ್ಚಾಗುತ್ತದೆಂದು ಆವತ್ತು ತೀರ್ಮಾನವಾಗಲಿಲ್ಲ.

ಮರುದಿನವೇ ಊರಿನಿಂದ ತಾಯಿಯ ಕಾಯಿಲೆಯ ಸುದ್ದಿ ಬಂತು. ಹೋಸಿಯಾ ಹೋದರು, ತಾಯಿಯನ್ನು ಮಣ್ಣು ಮಾಡಿ ಮರಳುವಷ್ಟರಲ್ಲಿ ನಾಲ್ಕು ತಿಂಗಳಾಗಿತ್ತು. ನಡುವೆ ಒಮ್ಮೆ ಊರಿನ ಕಿರಾಣಿ ಅಂಗಡಿಯ ಫೋನಿನಲ್ಲಿ ಕ್ರೂಮ್ ಸಿಕ್ಕಿ, "ನಿಂದೇ ಹಾಕಿದಾರೆ ಕಣೋ. ರೆಕಾರ್ಡಿನ ನಡುವಿನ ಚೀಟಿ ಮೇಲೆ ನಿನ್ನ ಹೆಸರೂ ಇದೆ" ಎಂದಿದ್ದ. ಆದರೆ ಕ್ರೂಮ್ ಎದುರಿಗಿದ್ದವರಿಗೆ ಬೇಕಾದದ್ದನ್ನೇ ಹೇಳುವ ಆಸಾಮಿ. ಅದೇ ವಾರ ಇಬ್ಬರು ಹೆಂಗಸರಿಗೆ ಮದುವೆಯ ಮಾತು ಕೊಟ್ಟಿದ್ದ. ಹೋಸಿಯಾ ಬರುವ ಹೊತ್ತಿಗೆ ಬ್ಯಾಂಡು ಒಡೆದಿತ್ತು, ಕ್ರೂಮ್ ಕಾರು ಅಪಘಾತದಲ್ಲಿ ಸತ್ತಿದ್ದ, ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದಿತ್ತು. ಆ ವರ್ಷಗಳಲ್ಲಿ ನಮ್ಮ ಬ್ರಾಂಕ್ಸಿನಲ್ಲಿ ಸುಡದೆ ಉಳಿದದ್ದೇ ಕಮ್ಮಿ. ತಾವು ಬಾರಿಸಿದ ರೆಕಾರ್ಡನ್ನು ಅವರು ಕಣ್ಣಿಂದ ನೋಡಲೇ ಇಲ್ಲ.

ಆದರೂ ನಮ್ಮ ಕಟ್ಟಡದ ಕೆಲಸಕ್ಕೆ ಸೇರಿ, ಕ್ರೂಮನ ಆ ಒಂದು ಮಾತನ್ನು ಏಳು ವರ್ಷ ಹಿಡಿದುಕೊಂಡು ಬದುಕಿದರು. ಪೈಪು ರಿಪೇರಿಗೆ ಯಾರ ಮನೆಗೆ ಹೋದರೂ ಅದೇ ಕಥೆ. ಮೂರನೇ ಮಹಡಿಯ ಮಿಸೆಸ್ ಗ್ಯಾಡ್ಸ್‌ಡನ್, "ಡೀಕನ್, ರೆಕಾರ್ಡು ಆಮೇಲೆ, ಮೊದ್ಲು ಈ ನಲ್ಲಿ ನೋಡಿ" ಎಂದು ರೇಗಿಸುತ್ತಿದ್ದಳು. ಅವರು ಬೇಸರಪಡದೆ ನಗುತ್ತಿದ್ದರು. ಬಿಸಿ ಪೈಪಿನ ಮೇಲೆ ಬೆರಳಿನಿಂದ ತಾಳ ಹಾಕಿ ತೋರಿಸುತ್ತಿದ್ದರು. ಮಗಳು ಒಡೆಸ್ಸಾಗೆ ಆ ಕಥೆ ಬಾಯಿಪಾಠ. ನಾನೊಬ್ಬ ಮಾತ್ರ ಯಾವತ್ತೂ ಪೂರ್ತಿ ಕೇಳಿದವನಲ್ಲ. ಶುರುವಾದರೆ ಸಾಕು, ಮೆಟ್ಟಿಲು ಹತ್ತಿ ಪರಾರಿ.

ನಾನು ಲೆಮ್ಯುಯೆಲ್. ಪಾರ್ಕಿನಲ್ಲಿ ದೀಪದ ಕಂಬದಿಂದ ಕರೆಂಟು ಎಳೆದು ರೆಕಾರ್ಡು ಹಾಕುವ ಡೀಜೆಗಳಲ್ಲಿ ನಾನೂ ಒಬ್ಬನಿದ್ದೆ. ಹಾಡು ನಿಂತು ಬರೀ ಡ್ರಮ್ಮು ಬರುವ ಜಾಗದಲ್ಲೇ ಜನಕ್ಕೆ ಮೈಮೇಲೆ ಬರುತ್ತದೆ ಎಂಬುದನ್ನು ನಾವು ಕಂಡುಕೊಂಡಿದ್ದೆವು. ಒಂದೇ ಹಾಡಿನ ಎರಡು ಪ್ರತಿ ಇಟ್ಟುಕೊಂಡು, ಇದು ಮುಗಿಯುವಾಗ ಅದು, ಅದು ಮುಗಿಯುವಾಗ ಇದು ಎಂದು ಹನ್ನೆರಡು ಸೆಕೆಂಡನ್ನು ಹತ್ತು ನಿಮಿಷ ಎಳೆಯುತ್ತಿದ್ದೆವು. ಅದರ ಮೇಲೆ ಹುಡುಗರು ಪ್ರಾಸ ಕಟ್ಟಿ ಮಾತು ಹರಿಸುತ್ತಿದ್ದರು. ಮುಂದೆ ಜಗತ್ತೆಲ್ಲ ಹಿಪ್-ಹಾಪ್ ಎಂದು ಕುಣಿದದ್ದಕ್ಕೆ ಬೇರು ಇದೇ: ನಮ್ಮ ಅಪ್ಪಂದಿರು ಬಾರಿಸಿ ಮರೆತದ್ದು. ಯಾರ ಬಳಿ ಯಾರಿಗೂ ಗೊತ್ತಿಲ್ಲದ ರೆಕಾರ್ಡು ಇದೆಯೋ ಅವನೇ ಆ ಬೇಸಿಗೆಗೆ ರಾಜ. ಹಾಗಾಗಿ ಹೊಸದೊಂದು ಸಿಕ್ಕ ಕೂಡಲೇ ಅದನ್ನು ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿ, ನಡುವಿನ ಚೀಟಿಯನ್ನು ಹೆಬ್ಬೆರಳಿನಿಂದ ಉಜ್ಜಿ ಕಿತ್ತುಹಾಕುತ್ತಿದ್ದೆವು. ಎದುರಾಳಿ ಇಣುಕಿದರೆ ಅವನಿಗೆ ಹಾಡಿನ ಹೆಸರೂ ಸಿಗಬಾರದು, ಬ್ಯಾಂಡಿನ ಹೆಸರೂ ಸಿಗಬಾರದು. "ತೊಟ್ಟಿ ತುಂಬ ಗೋಂದು. ನಾನೇನು ಸಿಂಕಲ್ಲಿ ಕೂತ್ಕೊಂಡು ಸ್ನಾನ ಮಾಡ್ಲಾ?" ಎಂದು ನನ್ನಮ್ಮ ಬೈಯುತ್ತಿದ್ದಳು.

ಎಪ್ಪತ್ತಾರರ ಜೂನಿನಲ್ಲಿ ಹಾರ್ಲೆಮ್ಮಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಕ್ರೂಮನ ರೆಕಾರ್ಡಿನ ಎರಡು ಪ್ರತಿ ನನಗೆ ಸಿಕ್ಕವು. ಕಿತ್ತಳೆ ಬಣ್ಣದ ಚೀಟಿ, ಅದರಲ್ಲಿ ಬ್ಯಾಂಡಿನವರ ಹೆಸರುಗಳನ್ನೆಲ್ಲ ಇರುವೆ ಸಾಲಿನಂತೆ ತುರುಕಿದ್ದರು. ಒಮ್ಮೆ ಓದಿದೆ. ಆಮೇಲೆ ಎರಡನ್ನೂ ನೀರಿಗೆ ಹಾಕಿದೆ.

ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ ಆ ಹನ್ನೆರಡು ಸೆಕೆಂಡನ್ನು ತಿರುಗಿಸಿ ತಿರುಗಿಸಿ ಹಾಕುತ್ತಿದ್ದೆ. ಪಾರ್ಕು ಕಿಕ್ಕಿರಿದಿತ್ತು. ಎದುರಾಳಿ ಗುಂಪಿನ ಬೂಕರ್ ನೋಟ್‌ಬುಕ್ ಹಿಡಿದು ನನ್ನ ಮೇಜಿಗೆ ಅಂಟಿಕೊಂಡು ನಿಂತಿದ್ದ. ಕದಿಯುವುದೇ ಅವನ ಕೆಲಸ. ಅಷ್ಟರಲ್ಲಿ ಡೀಕನ್, ಪಕ್ಕದಲ್ಲಿ ಸೊಪ್ಪಿನ ಚೀಲ ಹಿಡಿದ ಒಡೆಸ್ಸಾ, ಜನರನ್ನು ಸರಿಸಿಕೊಂಡು ಬಂದರು.

"ನಿಲ್ಸು ಲೆಮ್. ಒಂದ್ನಿಮಿಷ ನಿಲ್ಸಪ್ಪಾ."

ನಿಲ್ಲಿಸಿದೆ. ಜನ ಹೋ ಎಂದರು.

"ಹಾಡು ನಮ್ಮ ಬ್ಯಾಂಡಿಂದು. ಆ ಕೈ ನಂದು ಅನ್ಸುತ್ತೆ" ಎಂದರು.

ಬೂಕರ್ ನಕ್ಕ. "ಹೋದ್ವಾರ ನಮ್ಮ ಚಿಕ್ಕಪ್ಪನೂ ಹಿಂಗೇ ಅಂದ, ತಾತಾ. ಅವನಿಗೆ ಚಪ್ಪಾಳೆ ತಟ್ಟೋಕೂ ನೆಟ್ಟಗೆ ಬರಲ್ಲ." ಸುತ್ತಲಿದ್ದವರೂ ನಕ್ಕರು.

ಡೀಕನ್ ಕೈ ಚಾಚಿದರು, ರೆಕಾರ್ಡನ್ನು ಕೊಟ್ಟೆ. ಅಂಚು ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರು. ಚೀಟಿ ಇರಬೇಕಾದಲ್ಲಿ ಗೀಚು ಬಿದ್ದ ಕಪ್ಪು.

"ಕಿತ್ತು ಹಾಕೋ ಮುಂಚೆ ನೀನು ಓದಿರ್ತೀಯ, ಅಲ್ವಾ? ಡ್ರಮ್ ಅನ್ನೋ ಕಡೆ ಯಾರ ಹೆಸರಿತ್ತು? ಹೋಸಿಯಾ ಪೆಟಿಗ್ರೂ ಅಂತಿತ್ತಾ? ಅದು ನಾನೇ ಕಣಪ್ಪಾ."

ಇತ್ತು. ಸಾಲಿನ ಕೊನೆಯಲ್ಲಿ, ಅಷ್ಟೇ ಅಕ್ಷರಗಳಲ್ಲಿ ಇತ್ತು. ಬೂಕರನ ಪೆನ್ಸಿಲು ಕಾಗದದ ಮೇಲೆ ಕಾದು ಕುಳಿತಿತ್ತು. ನಾನು ಹೌದೆಂದರೆ ಅವನು ಮುದುಕನನ್ನು ಪಕ್ಕಕ್ಕೆ ಕರೆದು ಬ್ಯಾಂಡಿನ ಹೆಸರು ಕೇಳುತ್ತಾನೆ, ಮುಂದಿನ ಶನಿವಾರದೊಳಗೆ ನನ್ನ ರಾಜ್ಯ ಹೋಗುತ್ತದೆ. ಅಲ್ಲವೆಂದರೆ ಇದೂ ಅವನ ಚಿಕ್ಕಪ್ಪನ ಬಡಾಯಿಯಂಥದ್ದೇ ಎಂದುಕೊಂಡು ಸುಮ್ಮನಾಗುತ್ತಾನೆ. ಇದಿಷ್ಟೂ ಒಂದು ಉಸಿರಿನಲ್ಲಿ ತಲೆಯಲ್ಲಿ ಹಾದುಹೋಯಿತು. ಅವರ ಮುಖ ನೋಡಿದ್ದರೆ ಬಾಯಿ ಬೇರೆ ಮಾತಾಡುತ್ತಿತ್ತೋ ಏನೋ. ನಾನು ನೋಡಲಿಲ್ಲ.

"ಆ ಹೆಸರಲ್ಲ ಡೀಕನ್. ಬೇರೆ ಯಾರದೋ ಇತ್ತು."

"ಸರಿಯಾಗಿ ನೆನಪು ಮಾಡ್ಕೋ."

"ನೆನಪಿದೆ. ನಿಮ್ದಲ್ಲ."

ಬೂಕರ್ ನೋಟ್‌ಬುಕ್ ಮುಚ್ಚಿದ. ಡೀಕನ್ ರೆಕಾರ್ಡನ್ನು ಮೆಲ್ಲನೆ ನನ್ನ ಕೈಗಿಟ್ಟರು. "ಹಂಗಾದ್ರೆ ಮಧ್ಯಾಹ್ನ ಬಂದವನ್ದೇ ಹಾಕಿದಾರೆ" ಎಂದು ಮಗಳಿಗೆ ಹೇಳಿದರು. "ಚೆನ್ನಾಗಿ ಬಾರಿಸ್ತಿದ್ದ ಅವನು." ಇಬ್ಬರೂ ಹೊರಟುಹೋದರು, ನಾನು ಮತ್ತೆ ಸೂಜಿ ಇಟ್ಟೆ.

ಆ ಬೇಸಿಗೆಯಲ್ಲೂ ಮುಂದಿನ ನಾಲ್ಕು ಬೇಸಿಗೆಯಲ್ಲೂ ಆ ಹನ್ನೆರಡು ಸೆಕೆಂಡಿನ ಮೇಲೆ ನಾನು ಮೆರೆದೆ. ನೆಲಮಾಳಿಗೆಯಲ್ಲಿ ಮಾತು ನಿಂತಿತು. ಮಿಸೆಸ್ ಗ್ಯಾಡ್ಸ್‌ಡನ್ ತಾನಾಗಿಯೇ, "ಏನ್ ಡೀಕನ್, ಇವತ್ತು ರೆಕಾರ್ಡಿನ ಕಥೆ ಇಲ್ವಾ?" ಎಂದರೂ ಅವರು ನಲ್ಲಿ ಸರಿಮಾಡಿ ಸುಮ್ಮನೆ ಇಳಿದು ಹೋಗುತ್ತಿದ್ದರಂತೆ. ಒಂದು ದಿನ ಒಡೆಸ್ಸಾ ಮೆಟ್ಟಿಲ ಮೇಲೆ ನನ್ನನ್ನು ಅಡ್ಡಗಟ್ಟಿದಳು. "ನಮ್ಮಪ್ಪ ಇಷ್ಟು ವರ್ಷ ಎಲ್ರ ಹತ್ರನೂ ಸುಳ್ಳು ಹೇಳಿದೆ ಅಂತ ಕೊರಗ್ತಾ ಇದಾರೆ. ನಿಂಗೆ ಖಚಿತವಾಗಿ ನೆನಪಿತ್ತಾ ಲೆಮ್?" ನಾನು ಹೂಂ ಎಂದೆ. ಮೊದಲು ಬೂಕರನ ಭಯವಿತ್ತು. ಆಮೇಲೆ ಭಯ ಹೋಗಿ ನಾಚಿಕೆ ಉಳಿಯಿತು, ಅದು ಇನ್ನೂ ಗಟ್ಟಿಯಾಗಿ ಬಾಯಿ ಕಟ್ಟಿತು. ಚೀಟಿ ಇರುವ ಮೂರನೇ ಪ್ರತಿಗಾಗಿ ನ್ಯೂಅರ್ಕ್, ಫಿಲಡೆಲ್ಫಿಯಾ ಎಲ್ಲ ಜಾಲಾಡಿದೆ. ಸಿಗಲಿಲ್ಲ.

ಎಂಬತ್ತೊಂದರಲ್ಲಿ ಬಾಯ್ಲರಿನ ಮಸಿ ಅವರ ಶ್ವಾಸಕೋಶವನ್ನು ತಿಂದು ಮುಗಿಸಿತ್ತು. ಆಸ್ಪತ್ರೆಗೆ ಹೋದೆ. ಒಡೆಸ್ಸಾ ಹಾಸಿಗೆಯ ಪಕ್ಕ ಕುಳಿತಿದ್ದಳು. ಅವಳ ಎದುರಿಗೇ ಎಲ್ಲವನ್ನೂ ಹೇಳಿದೆ: ಚೀಟಿಯಲ್ಲಿ ಅವರ ಹೆಸರೇ ಇತ್ತು, ನಾನು ಓದಿದ್ದೆ, ಸುಳ್ಳು ಹೇಳಿದೆ.

ಅವರು ಸಾವಕಾಶವಾಗಿ ಕೇಳಿಸಿಕೊಂಡರು. "ಆವತ್ತು ಯಾಕೆ ಹಂಗೆ ಹೇಳ್ದೆ?"

"ಬೂಕರ್ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಯಾವ ರೆಕಾರ್ಡು ಅಂತ ಗೊತ್ತಾಗ್ಬಾರ್ದಿತ್ತು."

ನಕ್ಕರು, ನಗು ಕೆಮ್ಮಾಯಿತು. "ಅಷ್ಟಕ್ಕಾ? ಅಷ್ಟಕ್ಕೆ ಯಾರಾದ್ರೂ ಒಬ್ಬ ಮನುಷ್ಯನ ಹೆಸರು ಇಲ್ಲ ಅಂತಾರಾ?"

"ನಾನಂದೆ, ಡೀಕನ್."

"ಇಲ್ಲ ಮಗನೇ. ನಿಮ್ಮಮ್ಮ ನಿನ್ನ ಹಂಗೆ ಬೆಳೆಸಿಲ್ಲ." ನನ್ನ ಕೈ ತಟ್ಟಿದರು. "ಆವತ್ತು ನಿನಗೆ ಸುಳ್ಳು ಹೇಳೋಕೆ ಕಾರಣಾನೇ ಇರ್ಲಿಲ್ಲ. ಇವತ್ತಿದೆ. ಸಾಯೋ ಮುದುಕನಿಗೆ ಸಮಾಧಾನ ಹೇಳೋಕೆ ಬಂದಿದೀಯ. ಒಳ್ಳೇ ಮನಸ್ಸು ನಿಂದು."

"ಅಪ್ಪಾ, ಅವನು ಹೇಳ್ತಿರೋದು ನಿಜ" ಎಂದಳು ಒಡೆಸ್ಸಾ. ಅವಳು ನನ್ನ ಮಾತನ್ನು ಪೂರ್ತಿ ನಂಬಿದ್ದಳು. ನನ್ನತ್ತ ನೋಡಿದ ಅವಳ ಕಣ್ಣಲ್ಲಿ ಅದು ಕಾಣುತ್ತಿತ್ತು.

"ನೀನೂ ಅವನ ಜೊತೆ ಸೇರ್ಕೊಂಡ್ಯಾ?" ಎಂದರು ಡೀಕನ್, ಮತ್ತು ಕಣ್ಣು ಮುಚ್ಚಿದರು.

ಹನ್ನೊಂದು ದಿನಕ್ಕೆ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ನಮ್ಮ ಚರ್ಚಿನಲ್ಲಿ ಹಂಚುವ ಮಡಿಸಿದ ಹಾಳೆ ನನ್ನ ಕೈಗೂ ಬಂತು. ಮುಂದೆ ಕಂದು ಸೂಟಿನ ಫೋಟೋ, ಒಳಗೆ ಬದುಕಿನ ವಿವರ: ಹುಟ್ಟಿದ ಊರು, ಮಾಂಸದ ಗೋದಾಮು, ಬಾಯ್ಲರಿನ ಕೆಲಸ, ಮಗಳ ಹೆಸರು. ಡ್ರಮ್ಮಿನ ಮಾತು ಎಲ್ಲೂ ಇರಲಿಲ್ಲ. ನಾನು ಒಡೆಸ್ಸಾಳ ಕಡೆ ನೋಡಿದೆ. ರೆಕಾರ್ಡಿನ ಸುಳ್ಳು ಅಚ್ಚು ಹಾಕಿಸಬೇಡ ಎಂದು ಅಪ್ಪ ಸಾಯುವ ಮುಂಚೆ ತನ್ನಿಂದ ಮಾತು ತೆಗೆದುಕೊಂಡಿದ್ದರು ಎಂದಳು.